ಧನ್‌ಮಾಯ್‌ಗೊಬ್ಬ ಮಗ ಬೇಕು

ನವಸಾರಿಯ ನಮ್ಮ ಕೇರಿಯಲ್ಲಿ ಸತ್ತ ಮೇಲೆ ಏನಾಗುತ್ತದೆ ಎಂಬುದು ಗೊತ್ತಿಲ್ಲದ ಪಾರ್ಸಿ ಒಬ್ಬನೂ ಇಲ್ಲ. ನಾಳೆ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳಿದರೆ ತಲೆ ಕೆರೆದುಕೊಳ್ಳುವವರು, ಆ ಲೋಕದ ದಾರಿ ಕೇಳಿದರೆ ಮಾತ್ರ ಎಡಕ್ಕೆ ಹೋಗಿ ಬಲಕ್ಕೆ ತಿರುಗಿ ಎಂದು ಹೋಗಿ ಬಂದವರ ಹಾಗೆ ಹೇಳುತ್ತಾರೆ. ಕಷ್ಟವೆಂದರೆ ಒಬ್ಬರು ಹೇಳಿದ ದಾರಿ ಇನ್ನೊಬ್ಬರದಕ್ಕೆ ಕೂಡುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂಥ ಈ ಜಗಳದಲ್ಲಿ ಸತ್ತವನು ಯಾವ ಕಡೆ ಹೋಗಬೇಕೋ ಪಾಪ, ಅವನಿಗೇ ಗೊತ್ತು.

ಎದಲ್‌ಜಿ ಸೋಡಾವಾಲಾ ಈ ತಂಟೆಯನ್ನೇ ಇಟ್ಟುಕೊಂಡಿರಲಿಲ್ಲ. ಅವನ ಪ್ರಕಾರ ಆ ಕಡೆ ಊರೂ ಇಲ್ಲ, ದಾರಿಯೂ ಇಲ್ಲ. ಅಪ್ಪ ಫ್ರಾಮರೋಜ್ ಬಿಟ್ಟುಹೋದ ಗೋಲಿ ಸೋಡಾ ಕಾರ್ಖಾನೆಯನ್ನು ಕೊನೆಯ ಬಾಟಲಿ ಒಡೆಯುವ ತನಕ ನಡೆಸಿದ ಅವನಿಗೆ ಮನುಷ್ಯನೂ ಒಂದು ಸೋಡಾ ಬಾಟಲಿಯೇ. "ಗೋಲಿ ಒತ್ತಿದ್ರೆ ಟುಸ್ ಅಂತ ಗ್ಯಾಸ್ ಹೋಗುತ್ತೆ. ಆ ಗ್ಯಾಸು ಎಲ್ಲಿಗೆ ಹೋಯ್ತು, ಯಾವ ಸೇತುವೆ ದಾಟ್ತು ಅಂತ ಇದುವರೆಗೂ ಒಬ್ಬ ಗಿರಾಕಿನೂ ನನ್ನ ಕೇಳಿಲ್ಲ" ಎಂದು ನಲವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ. ಹೀಗೆ ದೇವರು ದಿಂಡರನ್ನೆಲ್ಲ ಒದ್ದುಕೊಂಡು ಓಡಾಡುತ್ತಿದ್ದರೂ ಅಂಗಿಯ ಒಳಗೆ ಜರತುಷ್ಟ್ರನ ಮಕ್ಕಳು ಹಾಕುವ ಬಿಳಿಯ ಸುದ್ರೆಯನ್ನು ತಪ್ಪದೆ ಹಾಕುತ್ತಿದ್ದ. ಕಾರಣ ಇಷ್ಟೇ, ಅಕ್ಕ ಧನ್‌ಮಾಯ್ ಒಗೆದು ಮಡಚಿಡುವ ಬಟ್ಟೆಯಲ್ಲಿ ಬೇರೆ ಬನಿಯನ್ನೇ ಇರುತ್ತಿರಲಿಲ್ಲ.

ಧನ್‌ಮಾಯ್ ಮದುವೆಯಾಗಲಿಲ್ಲ. ತಾಯಿ ಸತ್ತಾಗ ಎದಲ್ ಇನ್ನೂ ಚಡ್ಡಿ ಕಟ್ಟಿಕೊಳ್ಳಲು ಬಾರದ ಹುಡುಗ. ಅವನನ್ನು ಸಾಕುವುದರಲ್ಲಿ ಬಂದ ಗಂಡುಗಳೆಲ್ಲ ವಾಪಸ್ಸು ಹೋದವು. ಅವನೂ ಮದುವೆಯಾಗಲಿಲ್ಲ, ಅಕ್ಕನ ಅಡುಗೆ ತಿಂದವನಿಗೆ ಬೇರೆಯವರ ಕೈರುಚಿ ಹಿಡಿಸುವುದು ಕಷ್ಟ ಎಂದು ನೆಪ ಹೇಳುತ್ತಿದ್ದ. ಅವಳಿಗೆ ಸತ್ತ ಮೇಲಿನ ಲೋಕ ಪಕ್ಕದ ಬಿಲಿಮೋರಾ ಊರಿನಷ್ಟು ಖಚಿತ. ಮೂರು ದಿನ ಜೀವ ಮನೆಯಲ್ಲೇ ಇರುತ್ತದೆ. ನಾಲ್ಕನೆಯ ಬೆಳಗಿಗೆ ಸೇತುವೆ ದಾಟುತ್ತದೆ. ಅಲ್ಲಿ ನಾವು ಮಾಡಿದ ಒಳ್ಳೆಯ ಕೆಲಸವೆಲ್ಲ ಸೇರಿ ಒಬ್ಬ ಚೆಲುವೆಯಾಗಿ ಎದುರಿಗೆ ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತದೆ.

"ಗಂಡಸರಿಗಾದ್ರೆ ಚೆಲುವೆ ಬರೋದು ಸರಿ, ನಿಂಗ್ಯಾಕೆ ಬೆನ್ ಚೆಲುವೆ?" ಎಂದು ಎದಲ್ ಅಕ್ಕನನ್ನು ಕೆಣಕಿದರೆ, "ನಿನ್ನನ್ನ ಇಷ್ಟು ವರ್ಷ ಸಹಿಸ್ಕೊಂಡಿದ್ದಕ್ಕೆ ಬರ್ತಾಳೆ ಕಣೋ ಸತ್ತೋನೇ, ಒಬ್ಬಳಲ್ಲ, ನಾಲ್ಕು ಜನ ಬರ್ತಾರೆ" ಎನ್ನುತ್ತಿದ್ದಳು. ಸತ್ತೋನೇ ಎಂಬುದು ನಮ್ಮ ಹೆಂಗಸರ ಬಾಯಲ್ಲಿ ಮುದ್ದಿನ ಬೈಗುಳ. ಧನ್‌ಮಾಯ್ ಎದಲ್‌ನನ್ನು ಅವನ ಹೆಸರಿನಿಂದ ಕರೆದದ್ದೇ ಅಪರೂಪ.

ಆದ್ದರಿಂದ ಆ ಚಳಿಗಾಲದಲ್ಲಿ ಹಾಸಿಗೆ ಹಿಡಿದ ಅವಳು, ಅವನು ಚಮಚದಿಂದ ಕುಡಿಸುತ್ತಿದ್ದ ಗಂಜಿಯನ್ನು ತಡೆದು "ಎದಲ್" ಎಂದು ಕರೆದಾಗಲೇ ಅವನಿಗೆ ಏನೋ ಸರಿಯಿಲ್ಲ ಅನ್ನಿಸಿತ್ತು.

"ನಂಗೆ ಮಕ್ಕಳಿಲ್ಲ ಮರಿಯಿಲ್ಲ. ಮೂರನೇ ದಿನ ಉಠಮಣಾದಲ್ಲಿ ಪಾಲಕ ಯಾರು ಅಂತ ಕೇಳ್ತಾರೆ."

"ಕೇಳ್ಲಿ ಬಿಡು. ಹೇಗೂ ನೀನಲ್ಲಿರಲ್ಲ."

"ನೀನಾಗ್ತೀಯೇನೋ?"

ಮಕ್ಕಳಿಲ್ಲದೆ ಸತ್ತವರಿಗೆ ನಮ್ಮಲ್ಲಿ ಸತ್ತ ಮೂರನೆಯ ದಿನ, ಊರಿನವರೆಲ್ಲರ ಎದುರಿಗೆ ಒಬ್ಬ ಮಗನನ್ನು ಗೊತ್ತುಮಾಡಿ ಹೆಸರು ಕೂಗುತ್ತಾರೆ. ಅವನೇ ಪಾಲಕ. ಹೆರುವ ನೋವಿಲ್ಲ, ಶಾಲೆಗೆ ಅಟ್ಟುವ ರಗಳೆಯಿಲ್ಲ, ಸೊಸೆಯ ಕಾಟವಿಲ್ಲ. ಇಷ್ಟು ಸಲೀಸಾಗಿ ಮಗ ಸಿಗುವುದು ಸತ್ತವರಿಗೆ ಮಾತ್ರ. ಅವನಿಗಿರುವ ಕೆಲಸವೂ ಒಂದೇ. ತಾನು ಬದುಕಿರುವ ತನಕ ಅವರ ದಿನ ಬಂದಾಗಲೆಲ್ಲ ಅಗಿಯಾರಿಗೆ, ಅಂದರೆ ನಮ್ಮ ಬೆಂಕಿಯ ಗುಡಿಗೆ ಹೋಗಿ, ಬೆಂಕಿಯ ಮುಂದೆ ಅವರ ಹೆಸರು ಹೇಳಿಸುವುದು.

ಎದಲ್ ಚಮಚ ಕೆಳಗಿಟ್ಟ. ಅಳು ಬರುವ ಹಾಗಿದ್ದಾಗ ತಮಾಷೆ ಮಾಡುವುದು ಅವನ ಹುಟ್ಟುಗುಣ. "ಇಲ್ಲದ ಊರಿಗೆ ನನ್ನ ಸ್ಟೇಷನ್ ಮಾಸ್ಟರ್ ಮಾಡ್ಬೇಡ ಬೆನ್. ನಲವತ್ತು ವರ್ಷ ಬೀದೀಲಿ ನಿಂತು ಏನೂ ಇಲ್ಲ ಏನೂ ಇಲ್ಲ ಅಂತ ಕೂಗಿ, ಈಗ ಟೋಪಿ ಹಾಕ್ಕೊಂಡು ಹೋಗಿ ನಿಂತ್ರೆ ಜನ ಏನಂತಾರೆ? ಗ್ಯಾಸ್ ಹೋದ್ಮೇಲೆ ಬಾಟಲಿಯಲ್ಲಿ ಏನಿರುತ್ತೆ ಹೇಳು."

"ಸಿಹಿ ಇರುತ್ತಲ್ಲೋ" ಎಂದಳು ಧನ್‌ಮಾಯ್. ಆಮೇಲೆ ಗೋಡೆಯ ಕಡೆ ಹೊರಳಿ, "ಹೋಗ್ಲಿ, ಕೈಕಿ ಆಗ್ತಾನೆ ಬಿಡು. ಅವನಿಗೆ ಯಾವುದಕ್ಕೂ ಇಲ್ಲ ಅನ್ನೋಕೆ ಬರಲ್ಲ" ಎಂದಳು.

ಎದಲ್ ತಾನು ಗೆದ್ದೆ ಎಂದುಕೊಂಡ. ಅದಾದ ಕೆಲವೇ ದಿನಕ್ಕೆ ಧನ್‌ಮಾಯ್ ಸತ್ತಳು. ಗೆದ್ದವನ ಜೊತೆ ಇನ್ನೊಂದು ಸಲ ವಾದ ಮಾಡಲು ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಕೈಕಿ ಅಂದರೆ ಕೈಕೋಬಾದ್, ಇವರ ಚಿಕ್ಕಪ್ಪನ ಮಗ. ಪಂಚಾಯತಿಯ ಚುನಾವಣೆಗೆ ನಿಂತಾಗಲೆಲ್ಲ ಸೋತು, ಚುನಾವಣೆಯೇ ಇಲ್ಲದೆ ಸಿಗುವ ಹುದ್ದೆ ಪಾಲಕನದು ಒಂದೇ ಎಂದು ಕಂಡುಕೊಂಡವನು. ಈಗಾಗಲೇ ಮೂವರು ಸತ್ತವರಿಗೆ ಮಗನಾಗಿದ್ದ. ಪರಲೋಕದ ವಿಷಯದಲ್ಲಿ ಅವನದು ಗುಪ್ತವಿದ್ಯೆ. ಸೇತುವೆ ಗೀತುವೆಯೆಲ್ಲ ಸಾಮಾನ್ಯ ಜನರಿಗೆ. ನಿಜವಾಗಿ ಜೀವ ನಕ್ಷತ್ರಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಮಾಂಸ ತಿಂದ ಜೀವ ಭಾರವಾಗಿ ಮತ್ತೆ ಭೂಮಿಗೆ ಬಿದ್ದು ಇನ್ನೊಮ್ಮೆ ಹುಟ್ಟುತ್ತದೆ ಎಂದು ಕೈ ಎತ್ತಿ ಇಳಿಸಿ ತೋರಿಸುತ್ತಿದ್ದ. ಹೀಗೆ ತೋರಿಸುವಾಗ ಅವನ ಇನ್ನೊಂದು ಕೈಯಲ್ಲಿ ಸಾಮಾನ್ಯವಾಗಿ ಖೀಮಾದ ಪ್ಯಾಟಿಸ್ ಇರುತ್ತಿತ್ತು. "ನಾನು ಹೋದ ಜನ್ಮದ ಬಾಕಿ ತಿಂದು ತೀರಿಸ್ತಿದ್ದೀನಿ" ಎನ್ನುತ್ತಿದ್ದ.

ಮುಂಬೈಯಿಂದ ಬಂದವಳು ಆರ್ನವಾಜ್, ಎದಲ್‌ನ ತೀರಿಕೊಂಡ ಅಣ್ಣನ ಮಗಳು. ಅವಳ ಪ್ರಕಾರ ಸೇತುವೆಯೂ ಇಲ್ಲ, ಮೆಟ್ಟಿಲೂ ಇಲ್ಲ; ಫುಯೀ, ಅಂದರೆ ಸೋದರತ್ತೆ, ಈಗ ಒಂದು ಕಂಪನವಾಗಿದ್ದಾಳೆ. ಕಣ್ಣು ಮುಚ್ಚಿ ಉಸಿರು ಬಿಟ್ಟರೆ ಯಾರಿಗೆ ಬೇಕಾದರೂ ಸಿಗುತ್ತಾಳೆ. ಉಸಿರು ಬಿಟ್ಟರೆ ಸಿಗುವುದಾದರೆ ಈ ಹುಡುಗಿ ಹೋದ ವರ್ಷವಿಡೀ ಒಮ್ಮೆಯೂ ನವಸಾರಿಗೆ ಬರದೆ ಇದ್ದದ್ದು ಏಕೆಂದು ಈಗ ಗೊತ್ತಾಯಿತು ಎಂದು ಎದಲ್ ಮನಸ್ಸಿನಲ್ಲೇ ಅಂದುಕೊಂಡ.

ಹೆಣಕ್ಕೆ ಸ್ನಾನ ಮಾಡಿಸಿ, ಹಳೆಯ ಬಿಳಿ ಬಟ್ಟೆ ಉಡಿಸಿ ನೆಲದ ಕಲ್ಲಿನ ಮೇಲೆ ಮಲಗಿಸಿದರು. ಇನ್ನು ನಾಯಿಗೆ ತೋರಿಸುವ ಶಾಸ್ತ್ರ. ಕಣ್ಣಿನ ಮೇಲೆ ಎರಡು ಚುಕ್ಕೆಯಿರುವ ನಾಯಿ ಬಂದು ನೋಡಿದ ಮೇಲೆಯೇ ನಮ್ಮಲ್ಲಿ ಸತ್ತವರು ಸತ್ತಂತೆ; ಡಾಕ್ಟರು ಹೇಳಿದ್ದೆಲ್ಲ ಕಾಗದಕ್ಕೆ. ನಾಯಿ ಒಳಗೆ ಬಂತು. ಧನ್‌ಮಾಯ್ ಕಡೆ ಅರೆಗಳಿಗೆ ನೋಡಿತು. ಆಮೇಲೆ ಮೂಲೆಯಲ್ಲಿ ನಿಂತಿದ್ದ ಎದಲ್‌ನ ಎದುರಿಗೆ ಹೋಗಿ ಕೂತು, ಕಣ್ಣು ಮಿಟುಕಿಸದೆ ಅವನನ್ನೇ ದಿಟ್ಟಿಸತೊಡಗಿತು.

ಪ್ರಾರ್ಥನೆ ನಿಂತುಹೋಯಿತು. "ಲೋ ಎದಲ್, ಒಂದ್ಸಲ ನಾಡಿ ಹಿಡಿದು ನೋಡ್ಕೊಳಪ್ಪ" ಎಂದ ಕೈಕಿ ಪಿಸುದನಿಯಲ್ಲಿ. "ನಾಯಿ ಸುಳ್ಳು ಹೇಳಲ್ಲ."

ಎದಲ್‌ನ ಕೋಟಿನ ಜೇಬಿನಲ್ಲಿ ಬತಾಸಾ ಬಿಸ್ಕತ್ತಿತ್ತು. ದಿನವೂ ಬೆಳಿಗ್ಗೆ ಅದೇ ನಾಯಿಗೆ ಅದೇ ಜೇಬಿನಿಂದ ಕೊಡುತ್ತಿದ್ದ. ಅದನ್ನು ಊರಿನ ಮುಂದೆ ಹೇಗೆ ಹೇಳುವುದು? ನಾಯಿಯ ಅತೀಂದ್ರಿಯ ದೃಷ್ಟಿಯನ್ನು ಹಂಗಿಸಿ ಅವನು ಭಾಷಣ ಬಿಗಿದದ್ದು ಒಂದೆರಡು ಸಲವಲ್ಲ. ಜೇಬನ್ನು ಕೈಯಿಂದ ಮುಚ್ಚಿಕೊಂಡ. ಅಗಿಯಾರಿಯ ಪುರೋಹಿತರಾದ ದಸ್ತೂರ್ ಜಾಮಾಸ್ಪ್‌ಜಿಯವರು ಕನ್ನಡಕ ಸರಿಮಾಡಿಕೊಂಡು, "ನೋಡಿದ್ದಾಯ್ತು, ಮುಂದೆ ಹೋಗೋಣ" ಎಂದರು. ಅವರಿಗೂ ಬತಾಸಾದ ವಾಸನೆ ಬಡಿದಿತ್ತೇನೋ.

ಹೆಣವನ್ನು ಹದ್ದುಗಳಿಗೆ ಬಿಡುವ ದೋಖ್ಮಾದ ಕಡೆ ಹೊರಟಾಗ ಪದ್ಧತಿಯಂತೆ ಇಬ್ಬಿಬ್ಬರು ನಡುವೆ ಒಂದು ಬಿಳಿ ಕರ್ಚೀಫಿನ ತುದಿ ಹಿಡಿದು ನಡೆದರು. ಸತ್ತವರ ಹಿಂದೆ ಯಾರೂ ಒಂಟಿಯಾಗಿ ನಡೆಯಬಾರದು. ಎದಲ್‌ನ ಪಾಲಿಗೆ ಬಂದದ್ದು ಕೈಕಿಯ ಕರ್ಚೀಫು. ಹಿಂದೆ ದೋಖ್ಮಾದ ಗೋಡೆಯ ಮೇಲೆ ಸಾಲಾಗಿ ಕಾದು ಕೂರುತ್ತಿದ್ದ ರಣಹದ್ದುಗಳು ಈಗಿಲ್ಲ. ಅವು ಎಲ್ಲಿಗೆ ಹೋದವು ಎಂಬ ಬಗ್ಗೆಯೂ ನಮ್ಮಲ್ಲಿ ನಾಲ್ಕು ಮತಗಳಿವೆ.

"ನೀನೇನೂ ಯೋಚನೆ ಮಾಡ್ಬೇಡ" ಎಂದ ಕೈಕಿ ದಾರಿಯಲ್ಲಿ. "ಪಾಲಕನಾಗೋಕೆ ನಾನಿದ್ದೀನಿ. ನಂಗೆ ಅಭ್ಯಾಸ ಇದೆ."

"ಮೂರು ಜನಕ್ಕೆ ಆಗಿದ್ದೀಯಲ್ಲ, ಯಾರ್ಯಾರಿಗೆ?"

"ಒಬ್ರು ಶಾಲೆ ಮೇಷ್ಟ್ರು ನವರೋಜಿ. ಇನ್ನೊಬ್ರು ಆ ಮೂಲೆ ಮನೆ ಶಿರೀನ್‌ಮಾಯ್. ಇನ್ನೊಬ್ರು..." ಕೈಕಿ ದೋಖ್ಮಾದ ಗೇಟು ಬರುವ ತನಕ ಯೋಚಿಸಿದ. "ಬಾಯಲ್ಲೇ ಇದೆ ಕಣೋ. ದಪ್ಪಗಿದ್ರು. ಹೋಗ್ಲಿ ಬಿಡು, ಅವರಿಗಂತೂ ತಮ್ಮ ಹೆಸರು ಗೊತ್ತಿರುತ್ತೆ."

ಎದಲ್‌ನ ಕೈಯಲ್ಲಿದ್ದ ಕರ್ಚೀಫಿನ ತುದಿ ಬೆವರಿನಿಂದ ಒದ್ದೆಯಾಯಿತು. ಧನ್‌ಮಾಯ್‌ಳನ್ನು ನೆನೆಯುವ ಗುತ್ತಿಗೆ ಈ ಮನುಷ್ಯನಿಗೆ ಹೋಗುತ್ತದೆ. ಬರುವ ವರ್ಷ ಅವಳೂ ದಪ್ಪಗಿದ್ದವರು, ಸಣ್ಣಗಿದ್ದವರು ಎಂದಾಗುತ್ತಾಳೆ. ಅದರಿಂದ ಅವಳಿಗೇನು, ಅವಳೇ ಇಲ್ಲವಲ್ಲ ಎಂದು ತನ್ನ ಸಿದ್ಧಾಂತವನ್ನೇ ತನಗೆ ಹೇಳಿಕೊಂಡ. ಸಿದ್ಧಾಂತ ಸರಿಯಾಗಿಯೇ ಇತ್ತು. ಆದರೂ ಗೇಟು ದಾಟುವಾಗ ಅವಳ ಪೂರ್ತಿ ಹೆಸರನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡ.

ಆ ಮೂರು ದಿನ ಮನೆ ಪಂಡಿತರ ಸಭೆಯಾಯಿತು. ಧನ್‌ಮಾಯ್ ಮಲಗಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಜೀವ ಅಲ್ಲೇ ಕೂತಿರುತ್ತದೆಂದು ಉಳಿದವರು ಆ ಕಡೆ ಕಾಲು ಚಾಚುತ್ತಿರಲಿಲ್ಲ. ಎದಲ್ ಮಾತ್ರ ಆ ಕೋಣೆ ಬಿಟ್ಟು ಕದಲಲಿಲ್ಲ. "ಇಲ್ಲಿ ಫ್ಯಾನ್ ಚೆನ್ನಾಗಿ ತಿರುಗುತ್ತೆ" ಎಂದು ಕೇಳದವರಿಗೂ ಹೇಳಿದ. ಜನವರಿಯ ಚಳಿಯಲ್ಲಿ ಫ್ಯಾನು ಹಾಕಿರಲೇ ಇಲ್ಲ.

ಮೂರು ದಿನ ಮಾಂಸ ಮುಟ್ಟುವ ಹಾಗಿಲ್ಲ ಎಂಬುದರಲ್ಲಿ ಎಲ್ಲರಿಗೂ ಒಮ್ಮತ. ಮೊಟ್ಟೆ ಮಾಂಸವೋ ಅಲ್ಲವೋ ಎಂಬಲ್ಲಿ ಮನೆ ಎರಡಾಯಿತು. ಮೊಟ್ಟೆಯಲ್ಲಿ ಜೀವ ಇನ್ನೂ ಮೊದಲನೆಯ ಮೆಟ್ಟಿಲನ್ನೂ ಹತ್ತಿರುವುದಿಲ್ಲವಾದ್ದರಿಂದ ತಿನ್ನಬಹುದು ಎಂದು ಕೈಕಿ ತೀರ್ಪು ಕೊಟ್ಟು ನಾಲ್ಕು ಮೊಟ್ಟೆ ಒಡೆಸಿಕೊಂಡ. ಆರ್ನವಾಜ್ ಫುಯೀಯ ಕಂಪನಕ್ಕೆ ಹಿತವಾಗಲೆಂದು ಮಲ್ಲಿಗೆ ವಾಸನೆಯ ಮೇಣದಬತ್ತಿ ಹಚ್ಚಿ, ಧ್ಯಾನ ಮುಗಿದ ಮೇಲೆ ಉಫ್ ಎಂದು ಊದಿ ಆರಿಸಿದಳು. ಬೆಂಕಿಗೆ ಉಗುಳಿನ ಉಸಿರು! ಕೈಕಿ ಕಿರುಚಿದ ಕಿರುಚಾಟಕ್ಕೆ ಎದುರುಮನೆಯವರು ಧನ್‌ಮಾಯ್ ಎದ್ದು ಕೂತಳೇನೋ ಎಂದು ಓಡಿ ಬಂದರು.

"ಮೇಣದಬತ್ತೀನ ಇನ್ನು ಹೇಗೆ ಆರಿಸ್ತಾರೆ ಕಾಕಾ?" ಎಂದು ಆರ್ನವಾಜ್ ಅಳುಮೋರೆ ಮಾಡಿದಳು.

"ಅದಾಗೇ ಆರೋ ತನಕ ಕಾಯ್ತಾರೆ! ಮನುಷ್ಯರು ಹೋಗೋ ಹಾಗೆ!"

ಹಿಂದಿನ ದಿನಗಳಾಗಿದ್ದರೆ ಎದಲ್ ಈ ಜಗಳಕ್ಕೆ ಉಪ್ಪು ಖಾರ ಹಚ್ಚಿ ವಾರಗಟ್ಟಲೆ ತಿನ್ನುತ್ತಿದ್ದ. ಈಗ ನಗು ಬಂತು, ಆದರೆ ಯಾರ ಕಡೆ ತಿರುಗಿ ನಗಬೇಕೆಂದು ತಿಳಿಯಲಿಲ್ಲ. ಎರಡನೆಯ ದಿನ ಊಟಕ್ಕೆ ಕೂತಾಗ ಬೇಳೆಗೆ ಉಪ್ಪು ಸಾಲದೆ, "ಬೆನ್, ಉಪ್ಪೆಲ್ಲಿಟ್ಟಿದ್ದೀ?" ಎಂದು ಕೂಗಿಬಿಟ್ಟ.

ತಟ್ಟೆಗಳ ಸದ್ದು ನಿಂತಿತು. "ಯಾರನ್ನೋ ಕೇಳಿದ್ದು?" ಎಂದ ಕೈಕಿ, ಕಣ್ಣು ಅರಳಿಸಿಕೊಂಡು.

"ಆರ್ನವಾಜ್‌ನ."

ಆರ್ನವಾಜ್ ಅವನ ಪಕ್ಕದಲ್ಲೇ ಕೂತಿದ್ದಳು. ಅವಳು ಹುಟ್ಟಿದಾಗಿನಿಂದ ಅವಳನ್ನು ಅವನು ಒಮ್ಮೆಯೂ ಬೆನ್ ಎಂದವನಲ್ಲ. ಅವಳು ಎದ್ದುಹೋಗಿ ಉಪ್ಪಿನ ಡಬ್ಬಿ ತಂದಿಟ್ಟಳು. ಕಂಪನದವಳಾದರೂ ಹುಡುಗಿ ಕೆಟ್ಟವಳಲ್ಲ ಎಂದು ಎದಲ್‌ಗೆ ಮೊದಲ ಸಲ ಅನ್ನಿಸಿತು.

ಮೂರನೆಯ ಮಧ್ಯಾಹ್ನ ಅಗಿಯಾರಿಯ ದೊಡ್ಡ ಕೋಣೆಯಲ್ಲಿ ಉಠಮಣಾಕ್ಕೆ ಜನ ಸೇರಿದರು. ಧನ್‌ಮಾಯ್ ಕೈಯ ಅಡುಗೆ ತಿನ್ನದವರು ಕೇರಿಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಬೆಂಚು ಸಾಲದೆ ಕುರ್ಚಿ ತರಿಸಬೇಕಾಯಿತು. ಎದಲ್ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ ಕೂತ. ಕೈಕಿ ಇಸ್ತ್ರಿ ಮಾಡಿಸಿದ ಬಿಳಿಯ ಡಗಲಿ ತೊಟ್ಟು, ಪೇಟಾ ಇಟ್ಟು, ಮದುಮಗನ ಹಾಗೆ ಮುಂದಿನ ಸಾಲಿನಲ್ಲಿದ್ದ.

"ಪಾಲಕರು ಯಾರು?" ಎಂದು ಕೇಳಿದರು ಜಾಮಾಸ್ಪ್‌ಜಿ.

"ಹೆಣ್ಮಕ್ಕಳು ಆಗ್ಬಾರದಾ?" ಎಂದಳು ಆರ್ನವಾಜ್ ಹೆಂಗಸರ ಸಾಲಿನಿಂದ. ನಾಲ್ಕು ಮುದುಕರು ಒಟ್ಟಿಗೆ ಕೆಮ್ಮಿದರು. ಜೀವನಪೂರ್ತಿ ಮಗನೊಬ್ಬ ಮಾಡಬೇಕಾದ್ದನ್ನೆಲ್ಲ ಮಾಡಿದವಳಿಗೆ ಸತ್ತ ಮೇಲೆ ಮಾತ್ರ ಗಂಡೇ ಬೇಕು ಎಂಬುದು ನಮ್ಮವರ ಲೆಕ್ಕ.

ಕೈಕಿ ಎದ್ದು ನಿಂತ. "ನಾನು."

"ತೀರಿಕೊಂಡವರ ಹೆಸರು, ತಂದೆ ಹೆಸರು ಹೇಳಿ."

"ಧನ್‌ಮಾಯ್..." ಎಂದ ಕೈಕಿ ಗಟ್ಟಿಯಾಗಿ. ಒಂದು ಕ್ಷಣ ಚಾವಣಿ ನೋಡಿದ. ನಾಲ್ಕು ಜನ ತಾಯ್ತಂದೆಯರಿರುವವನಿಗೆ ತುಸು ಗೊಂದಲವಾಗುವುದು ಸಹಜವೇ. "ಧನ್‌ಮಾಯ್ ಸೊಹ್ರಾಬ್‌ಜಿ."

ಸೊಹ್ರಾಬ್‌ಜಿ ಶಾಲೆ ಮೇಷ್ಟರ ಅಪ್ಪ.

"ಫ್ರಾಮರೋಜ್!"

ಹಿಂದಿನ ಸಾಲಿನಿಂದ ಬಂದ ಆ ಕೂಗಿಗೆ ಇಡೀ ಕೋಣೆ ತಿರುಗಿ ನೋಡಿತು. ಎದಲ್ ಎದ್ದು ನಿಂತಿದ್ದ. ಯಾವಾಗ ಎದ್ದನೋ ಅವನಿಗೇ ತಿಳಿಯದು. ಮುಖ ಕೆಂಪಾಗಿತ್ತು. "ಧನ್‌ಮಾಯ್ ಫ್ರಾಮರೋಜ್ ಸೋಡಾವಾಲಾ! ನಿನ್ನ ದೊಡ್ಡಪ್ಪನ ಹೆಸರು ಕಣೋ ಅದು! ಅವಳು ಮಾಡಿದ ಧನ್‌ಸಾಕ್ ತಿಂದು ಬೆಳೆದಿದ್ದೀಯ, ಮೂರೇ ದಿನಕ್ಕೆ ಅವಳ ಅಪ್ಪನ್ನೇ ಬದಲಾಯಿಸಿಬಿಟ್ಯಲ್ಲ!"

"ಬಾಯಿ ತಪ್ಪಿ ಬಂತಪ್ಪ" ಎಂದ ಕೈಕಿ. "ಅಷ್ಟಕ್ಕೂ ನಿಂಗ್ಯಾಕೆ ಸಿಟ್ಟು? ನಿನ್ನ ಪ್ರಕಾರ ಕೇಳಿಸ್ಕೊಳ್ಳೋಕೆ ಅಲ್ಲಿ ಯಾರೂ ಇಲ್ವಲ್ಲ."

ಕೋಣೆಯಲ್ಲಿ ಕಿಸಿಕಿಸಿ ನಗು ಹರಿದಾಡಿತು. ಕೈಕಿ ಜನ್ಮದಲ್ಲಿ ಒಂದೇ ಒಂದು ಸರಿಯಾದ ಮಾತು ಆಡಿದ್ದರೆ ಅದು ಇದೇ. ಎದಲ್ ಮಾತ್ರ ಕೂರಲಿಲ್ಲ.

ಜಾಮಾಸ್ಪ್‌ಜಿ ಅವಸರ ಮಾಡಲಿಲ್ಲ. "ಎದಲ್‌ಜಿ, ಎದ್ದು ನಿಂತಿದ್ದೀರಿ. ಪಾಲಕರಾಗೋಕೆ ನಿಂತಿದ್ದೀರಾ ಅಥವಾ ಜಗಳಕ್ಕೆ ಮಾತ್ರಾನಾ?"

"ನಂಗೆ ನಂಬಿಕೆ ಇಲ್ಲ ದಸ್ತೂರ್‌ಜಿ. ನಿಮಗೂ ಗೊತ್ತು, ಊರಿಗೂ ಗೊತ್ತು."

"ಪದ್ಧತಿಯಲ್ಲಿ ಆ ಪ್ರಶ್ನೆ ಇಲ್ಲ" ಎಂದರು ಜಾಮಾಸ್ಪ್‌ಜಿ. "ಹೆಸರು ನೆನಪಿರುತ್ತಾ ಅಂತ ಮಾತ್ರ ಕೇಳ್ತಾರೆ."

ಎದಲ್ ಸುತ್ತ ನೋಡಿದ. ಅವನಿಂದ ಮೂಢರೆಂದು ಬೈಸಿಕೊಂಡವರೆಲ್ಲ ಅಲ್ಲಿದ್ದರು. ನಾಳೆಯಿಂದ ಅವನು ಪಾನ್ ಅಂಗಡಿಯ ಮುಂದೆ ಹೋದರೆ ಇವರು ಏನೇನು ಹೇಳುತ್ತಾರೆ ಎಂಬುದು ಅವನಿಗೆ ಅಕ್ಷರ ಬಿಡದೆ ಗೊತ್ತಿತ್ತು. ಅವರ ಜಾಗದಲ್ಲಿ ತಾನಿದ್ದರೆ ಅದಕ್ಕಿಂತ ಚೆನ್ನಾಗಿ ಹೇಳುತ್ತಿದ್ದ. ಜೇಬಿನಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡ.

"ಇರುತ್ತೆ" ಎಂದ. "ನಾನಾಗ್ತೀನಿ."

ಧನ್‌ಮಾಯ್ ಫ್ರಾಮರೋಜ್ ಅವರಿಗೆ ಎದಲ್‌ಜಿ ಪಾಲಕ ಎಂದು ಜಾಮಾಸ್ಪ್‌ಜಿ ಗಟ್ಟಿಯಾಗಿ ಸಾರಿದರು. ಹೀಗೆ ಎಪ್ಪತ್ತು ದಾಟಿದ ನಾಸ್ತಿಕನೊಬ್ಬ ತನ್ನ ಅಕ್ಕನಿಗೆ ಮಗನಾದ. ಚಡ್ಡಿ ಕಟ್ಟಲು ಬಾರದ ದಿನದಿಂದಲೂ ಅವನು ಅದೇ ಆಗಿದ್ದನೆನ್ನಿ. ಊರಿಗೆ ಗೊತ್ತಾದದ್ದು ಈಗ.

ಪಾನ್ ಅಂಗಡಿಯವರು ಅವನು ಅಂದುಕೊಂಡದ್ದನ್ನೆಲ್ಲ ಅಂದರು. "ಏನ್ ಸೋಡಾವಾಲಾ, ಗ್ಯಾಸು ವಾಪಸ್ಸು ಬಾಟಲಿಗೆ ಬಂತಾ?" ಎಂದರು. ಎದಲ್ ಅದಕ್ಕೆ ಒಗ್ಗಿಕೊಂಡ. ಪ್ರತಿ ತಿಂಗಳೂ ಅವಳು ಸತ್ತ ದಿನ ತಪ್ಪದೆ ಅಗಿಯಾರಿಗೆ ಹೋಗುತ್ತಿದ್ದ. ಹೊರಗೆ ಬಂದ ಮೇಲೆ ಏನೂ ಇಲ್ಲ ಎಂದು ತಪ್ಪದೆ ಹೇಳುತ್ತಿದ್ದ. ತನ್ನ ಸುದ್ರೆಯನ್ನು ಈಗ ತಾನೇ ಒಗೆಯುತ್ತಿದ್ದ. ಪೇಟೆಯಲ್ಲಿ ಬನಿಯನ್ ಸಿಗುತ್ತದೆಂದು ಅವನಿಗೆ ಯಾರೂ ಹೇಳಲಿಲ್ಲ.

ಪಾರ್ಸಿ ವರ್ಷದ ಕೊನೆಗೆ ಮುಕ್ತಾದ್ ಬಂತು. ಸತ್ತವರೆಲ್ಲ ಊರಿಗೆ ಬಂದು ಹೋಗುವ ದಿನಗಳವು. ಅಗಿಯಾರಿಯ ಅಮೃತಶಿಲೆಯ ಮೇಜಿನ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹೂದಾನಿ, ದಿನವೂ ಹೊಸ ನೀರು, ಹೊಸ ಹೂವು. ಎದಲ್ ನಸುಕಿನಲ್ಲೇ ಗುಲಾಬಿ ಹಿಡಿದು ಬಂದು ಧನ್‌ಮಾಯ್ ಹೂದಾನಿಯ ನೀರು ಚೆಲ್ಲಿ ಹೊಸದು ತುಂಬುತ್ತಿದ್ದ. ಪಕ್ಕದಲ್ಲಿ ಕೈಕಿ ಪಾಲಕನಾದ ಮೂವರ ಹೂದಾನಿಗಳು ಒಣಗಿ ನಿಂತಿದ್ದವು. ಮೂರನೆಯದರ ಮೇಲೆ ರತನ್‌ಶಾ ಎಂದು ಕೆತ್ತಿತ್ತು. "ಓಹೋ, ದಪ್ಪಗಿದ್ದವರು ನೀವೇನಾ" ಎಂದು ಗೊಣಗಿ, ಉಳಿದ ಗುಲಾಬಿಗಳನ್ನು ಆ ಮೂರಕ್ಕೂ ಸಿಕ್ಕಿಸಿದ. ಇಲ್ಲದವರಿಗೆ ಕೊಡುವಾಗ ಒಬ್ಬರಾದರೇನು, ನಾಲ್ವರಾದರೇನು.

ಜಾಮಾಸ್ಪ್‌ಜಿಯವರ ಪ್ರಾರ್ಥನೆ ಮುಗಿಯುತ್ತ ಬಂದಿತ್ತು. ಇಂಥವರು ಇಲ್ಲಿ ನೆನಪಿನಲ್ಲಿರಲಿ, ಇಂಥವರು ಇಲ್ಲಿ ನೆನಪಿನಲ್ಲಿರಲಿ ಎಂದು ಒಂದೊಂದೇ ಹೆಸರು ಹೇಳುವ ಭಾಗ. ಹಳೆಯ ಭಾಷೆಯ ಆ ಮಾತಿನ ಅರ್ಥವನ್ನು ಎದಲ್ ಮೊದಲ ತಿಂಗಳೇ ಅವರಿಂದ ಕೇಳಿ ತಿಳಿದುಕೊಂಡಿದ್ದ. "ಇಲ್ಲಿ ಅಂದ್ರೆ ಎಲ್ಲಿ ದಸ್ತೂರ್‌ಜಿ?" ಎಂದದ್ದಕ್ಕೆ, "ಇಲ್ಲೇ ಕಣ್ರೀ, ಇನ್ನೆಲ್ಲಿ" ಎಂದಿದ್ದರು. ಇಲ್ಲಿ ಎಂಬ ಊರಿನ ಬಗ್ಗೆ ಅವನಿಗೆ ಯಾವ ತಕರಾರೂ ಇರಲಿಲ್ಲ.

ಆ ದಿನ ಹೆಸರುಗಳು ಬಹಳವಿದ್ದವು, ಜಾಮಾಸ್ಪ್‌ಜಿಯವರ ಗಂಟಲು ಕಟ್ಟಿತ್ತು. ಒಂದರ ಮೇಲೊಂದು ಉರುಳಿಸಿಕೊಂಡು ಹೋಗುವ ಭರದಲ್ಲಿ ಧನ್‌ಮಾಯ್ ಹಾರಿಹೋದಳು. ಪ್ರಾರ್ಥನೆ ಮುಗಿಸಿ ಅವರು ಏಳುವಷ್ಟರಲ್ಲಿ ಎದಲ್ ಎದುರಿಗೆ ಬಂದು ನಿಂತ.

"ಬೆನ್ ಹೆಸರು ಹೇಳ್ಲಿಲ್ಲ."

"ಬಿಟ್ಟುಹೋಯ್ತಾ? ಇರಲಿ ಎದಲ್‌ಜಿ, ಇಷ್ಟು ದಿನ ಹೇಳಿದ್ದೀನಲ್ಲ. ದೇವರಿಗೆ ಗೊತ್ತಾಗುತ್ತೆ, ಅವನು ಕ್ಷಮಿಸ್ತಾನೆ."

"ನಿಮಗಾದ್ರೆ ದೇವರಿದ್ದಾನೆ, ನೀವು ಮರೆತರೂ ಅವನು ನೆನಪಿಟ್ಕೋತಾನೆ" ಎಂದ ಎದಲ್. ಈ ಸಲ ತಮಾಷೆ ಬಾಯಿಗೆ ಬರಲಿಲ್ಲ. "ನನಗೆ ಯಾರಿದ್ದಾರೆ ದಸ್ತೂರ್‌ಜಿ? ನಾನು ಬಿಟ್ರೆ ಅವಳು ಬಿಟ್ಟುಹೋದ ಹಾಗೇ. ಮೊದಲಿಂದ ಹೇಳಿ."

ಜಾಮಾಸ್ಪ್‌ಜಿ ಬೆಂಕಿಗೆ ಒಂದು ಚೂರು ಗಂಧದ ಚಕ್ಕೆ ಹಾಕಿ, ಮತ್ತೆ ಕೂತು, ಮೊದಲಿನಿಂದ ಶುರುಮಾಡಿದರು. ಎದಲ್ ಟೋಪಿ ಸರಿಮಾಡಿಕೊಂಡು, ಅವಳ ಹೆಸರು ಬರುವ ತನಕ ನಿಂತೇ ಇದ್ದ.